ಬಾಗಿಲಾಚೆ ಬಂದವರ ಲೆಕ್ಕ, ಸಾಲಲ್ಲಿ ನಿಂತವರ ಲೆಕ್ಕ

2024ರ ನವೆಂಬರ್ 6ರ ಬೆಳಗಿನ ಜಾವ. ಅಮೆರಿಕದಲ್ಲಿ ಆಗ 5ನೇ ತಾರೀಕಿನ ಸಂಜೆ, ಜನ ಇನ್ನೂ ಓಟು ಹಾಕುತ್ತಿದ್ದರು. ನಾವು ಐದು ಜನ ಹುಡುಗರು ಬಾಡಿಗೆ ರೂಮೊಂದರಲ್ಲಿ ಒಂದೇ ಮೊಬೈಲಿನ ಸುತ್ತ ಕುಕ್ಕುರುಗಾಲಲ್ಲಿ ಕೂತಿದ್ದೆವು. ಮೊದಲ ಎಕ್ಸಿಟ್ ಪೋಲ್ ಬಂತು. ಓಟು ಹಾಕಿದವರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿ ‘ಪ್ರಜಾಪ್ರಭುತ್ವದ ಸ್ಥಿತಿಯೇ ನಮಗೆ ಎಲ್ಲಕ್ಕಿಂತ ಮುಖ್ಯ’ ಅಂದಿದ್ದಾರಂತೆ. ಬೆಲೆ, ಸಂಬಳ, ಬದುಕು ಅದರ ಹಿಂದೆ. ನಮ್ಮಲ್ಲೊಬ್ಬ ಎದ್ದು ಕುಣಿದ. ‘ಮುಗೀತು ಕಣ್ರೋ, ಕಮಲಾ ಗೆದ್ಲು’ ಅಂದ. ನಾನೂ ಕುಣಿದೆ. ಟೀ ತರೋಕೆ ಒಬ್ಬನನ್ನು ಬೀದಿಗೆ ಓಡಿಸಿದೆವು.

ಅದೇ ದಿನ ಸಂಜೆಗೆ ಟ್ರಂಪ್ ಗೆದ್ದಾಗಿತ್ತು. ಕೊನೆಗೆ 312ಕ್ಕೆ 226. ಬೆಳಗ್ಗೆ ಕುಣಿದವನೇ ಸಂಜೆ ‘ಆ ದೇಶದ ಜನಕ್ಕೆ ಬುದ್ಧಿ ಇಲ್ಲ ಬಿಡ್ರೋ’ ಅಂದ. ನಮ್ಮಲ್ಲೇ ಓದಿಕೊಂಡಿದ್ದ ಇನ್ನೊಬ್ಬ ಹೇಳಿದ: ‘2004ರಲ್ಲೂ ಹಿಂಗೇ ಆಗಿತ್ತು. ಎಕ್ಸಿಟ್ ಪೋಲ್ ಸತ್ಯ ಹೇಳ್ತು, ಎಣಿಕೆ ಸುಳ್ಳು ಹೇಳ್ತು.’ ನಾನು ಬಾಯಿ ಮುಚ್ಚಿಕೊಂಡಿದ್ದೆ. 2004ರಲ್ಲಿ ನಾನಿನ್ನೂ ಅವ್ವನ ಸೀರೆ ಸೆರಗು ಹಿಡಿದು ನಡೆಯುವ ಕೂಸು. ಆಮೇಲೆ ಓದಿದೆ. ಓದಿದ ಮೇಲೆ ಇಬ್ಬರ ಮಾತೂ ತಪ್ಪು ಅನ್ನಿಸಿತು. ಈ ಬರಹ ಅವರಿಬ್ಬರಿಗೂ ಉತ್ತರ. ಬೆಳಗಿನ ಜಾವ ಅವರ ಜೊತೆ ಕುಣಿದ ನನಗೂ ಉತ್ತರ.

ಅಮೆರಿಕದ ಚುನಾವಣೆ ನಮಗ್ಯಾಕೆ ಅಂತ ಈ ಪತ್ರಿಕೆ ಓದುವವರು ಕೇಳಲಾರರು. 1913ರಲ್ಲಿ ಬಾಬಾಸಾಹೇಬರು ಓದಲು ಹೋದದ್ದು ನ್ಯೂಯಾರ್ಕಿಗೆ. 1972ರಲ್ಲಿ ಬೊಂಬಾಯಿಯ ನಮ್ಮ ಹುಡುಗರು ತಮ್ಮ ಸಂಘಟನೆಗೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟದ್ದು ಅಲ್ಲಿನ ಕಪ್ಪು ಜನರ ಬ್ಲಾಕ್ ಪ್ಯಾಂಥರ್ಸ್ ನೋಡಿ. ಅಲ್ಲಿ ಸಾಲಲ್ಲಿ ನಿಂತ ಕಪ್ಪು ಹೆಂಗಸು ನಮಗೆ ಹೊರಗಿನವಳಲ್ಲ.

2004ರ ನವೆಂಬರ್ 2, ಮಂಗಳವಾರ. ಗದ್ದುಗೆಯ ಮೇಲೆ ಜಾರ್ಜ್ ಬುಷ್, ಎದುರಿಗೆ ಜಾನ್ ಕೆರಿ. ಇರಾಕಿನ ಮೇಲೆ ಬಿದ್ದು ಒಂದೂವರೆ ವರ್ಷ ದಾಟಿತ್ತು. ಯಾವ ಅಸ್ತ್ರಗಳ ನೆಪ ಹೇಳಿ ಯುದ್ಧಕ್ಕೆ ಹೋದರೋ ಆ ಅಸ್ತ್ರಗಳು ಸಿಕ್ಕಿರಲಿಲ್ಲ. ಲೋಕದ ಅರ್ಧ ಜನ ಬುಷ್ ಸೋಲಲಿ ಅಂತ ಕಾದಿದ್ದರು. ಎಬಿಸಿ, ಎಪಿ, ಸಿಬಿಎಸ್, ಸಿಎನ್‌ಎನ್, ಫಾಕ್ಸ್, ಎನ್‌ಬಿಸಿ ಈ ಆರೂ ಸುದ್ದಿ ಸಂಸ್ಥೆಗಳು ಒಟ್ಟು ಸೇರಿ ಎಡಿಸನ್ ಮತ್ತು ಮಿಟೋಫ್ಸ್ಕಿ ಎಂಬ ಎರಡು ಕಂಪನಿಗಳಿಗೆ ಎಕ್ಸಿಟ್ ಪೋಲ್ ಗುತ್ತಿಗೆ ಕೊಟ್ಟಿದ್ದವು. ಹಗಲಿನ ಅಂಕಿ ಗುಟ್ಟಾಗಿ ಇರಬೇಕಿತ್ತು. ಮಧ್ಯಾಹ್ನಕ್ಕೇ ಸೋರಿತು. ಓಹಾಯೋದಲ್ಲಿ ಕೆರಿ ಮುಂದು. ಫ್ಲಾರಿಡಾದಲ್ಲಿ ಕೆರಿ ಮುಂದು. ದೇಶದ ಲೆಕ್ಕದಲ್ಲೂ ಕೆರಿ ಮುಂದು.

ಆ ಅಂಕಿ ಮೊದಲು ಯಾರ ಕಿವಿಗೆ ಬಿತ್ತು ನೋಡಿ. ಬೆಳಗ್ಗೆಯಿಂದ ಏರುತ್ತಿದ್ದ ನ್ಯೂಯಾರ್ಕಿನ ಷೇರುಪೇಟೆ ಮಧ್ಯಾಹ್ನದ ಮೇಲೆ ಜಾರಿ, ಡೌ ಜೋನ್ಸ್ 18 ಅಂಶ ಇಳಿದು ಬಾಗಿಲು ಹಾಕಿತು. ಮಾರನೇ ದಿನ ಬುಷ್ ಗೆದ್ದದ್ದು ಖಚಿತವಾದ ಮೇಲೆ 100 ಅಂಶ ಜಿಗಿಯಿತು. ವಿಮಾನದಲ್ಲಿದ್ದ ಬುಷ್ ಕಡೆಯವರ ಮುಖ ಬಾಡಿತು. ಕೆರಿಯ ಆಪ್ತ ಸಲಹೆಗಾರ ಬಾಬ್ ಶ್ರಮ್ ಸಂಜೆಗೇ ತನ್ನ ನಾಯಕನನ್ನು ‘ಅಧ್ಯಕ್ಷರೇ’ ಅಂತ ಕರೆದು ಬಿಟ್ಟರು ಎಂಬುದು ಆಮೇಲೆ ಎಲ್ಲರೂ ಬರೆದ ಸಂಗತಿ. ಹಣ ಇದ್ದವನಿಗೆ ಅಂಕಿ ತಲುಪಿತು, ಅಧಿಕಾರ ಇದ್ದವನಿಗೆ ತಲುಪಿತು, ಓದಿದವನಿಗೆ ತಲುಪಿತು. ಸಾಲಲ್ಲಿ ನಿಂತವರಿಗೆ ಅದರಿಂದ ಏನು ಬಂತು?

ರಾತ್ರಿ ಕಳೆಯಿತು. ನಿಜವಾದ ಓಟು ಎಣಿಸಿದಾಗ ಬುಷ್ ದೇಶದಲ್ಲಿ ಸುಮಾರು 30 ಲಕ್ಷ ಓಟು ಮುಂದೆ. ಓಹಾಯೋದಲ್ಲಿ ಸುಮಾರು 1,18,000 ಮುಂದೆ. ಆ ಒಂದು ರಾಜ್ಯದ 20 ಪ್ರತಿನಿಧಿ ಓಟುಗಳ ಮೇಲೆ ಇಡೀ ಗದ್ದುಗೆ ನಿಂತಿತ್ತು. 3ನೇ ತಾರೀಕು ಕೆರಿ ಸೋಲೊಪ್ಪಿಕೊಂಡರು.

ಈಗ ಎಕ್ಸಿಟ್ ಪೋಲ್ ಅಂದರೆ ಏನು ಅಂತ ಬಿಚ್ಚಿ ನೋಡೋಣ. ನಮ್ಮ ವಿದ್ಯಾರ್ಥಿ ಮಿತ್ರರು ಅದನ್ನು ಪಂಚಾಂಗದ ಥರ ನಂಬುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ. ಮತಗಟ್ಟೆಯ ಹೊರಗೆ ಒಬ್ಬ ಹುಡುಗನೋ ಹುಡುಗಿಯೋ ನಿಲ್ಲುತ್ತಾರೆ. ಹೊರಗೆ ಬರುವವರಲ್ಲಿ ಇಷ್ಟು ಜನಕ್ಕೆ ಒಬ್ಬರಂತೆ ಎಣಿಸಿ ತಡೆದು ಒಂದು ಕಾಗದ ಕೊಡುತ್ತಾರೆ. ಆ ಮನುಷ್ಯ ಗುರುತು ಹಾಕಿ ಪೆಟ್ಟಿಗೆಗೆ ಹಾಕಬೇಕು. ದಿನಕ್ಕೆ ಕೆಲವು ಸಲ ಆ ಲೆಕ್ಕವನ್ನು ಫೋನಿನಲ್ಲಿ ಕಳಿಸುತ್ತಾರೆ. ಮಧ್ಯಾಹ್ನದ ಅಂಕಿ ಅಂದರೆ ಮಧ್ಯಾಹ್ನದೊಳಗೆ ಓಟು ಹಾಕಿ, ಹೊರಗೆ ಬಂದು, ನಿಂತು, ಮಾತಾಡಲು ಒಪ್ಪಿದವರ ಅಂಕಿ. ಅಷ್ಟೇ. ಅವತ್ತಿನ ಮೊದಲ ಲೆಕ್ಕದಲ್ಲಿ ಹೆಂಗಸರ ಪಾಲು ಇರಬೇಕಾದ್ದಕ್ಕಿಂತ ಹೆಚ್ಚಿತ್ತು. 2005ರ ಜನವರಿಯಲ್ಲಿ ಆ ಕಂಪನಿಗಳೇ ತಮ್ಮ ತಪ್ಪಿನ ವರದಿ ಕೊಟ್ಟವು. ಕೆರಿಗೆ ಓಟು ಹಾಕಿದವರಲ್ಲಿ 100ಕ್ಕೆ 56 ಜನ ಕಾಗದ ತುಂಬಿ, ಬುಷ್‌ಗೆ ಹಾಕಿದವರಲ್ಲಿ 50 ಜನ ಮಾತ್ರ ತುಂಬಿದ್ದರೂ ಸಾಕು, ಇಷ್ಟೂ ವ್ಯತ್ಯಾಸ ಬಂದುಬಿಡುತ್ತದೆ ಅಂದವು. ಕಾಗದ ಹಿಡಿದವರು ಎಳೆಯರಾಗಿದ್ದ ಕಡೆ, ಬಾಗಿಲಿನಿಂದ ದೂರ ನಿಲ್ಲಬೇಕಾಗಿ ಬಂದ ಕಡೆ ತಪ್ಪು ಇನ್ನೂ ದೊಡ್ಡದಾಗಿತ್ತು ಅಂದವು.

ಈ ವರದಿಯನ್ನು ಒಪ್ಪದ ಪಂಡಿತರೂ ಇದ್ದಾರೆ. ವಾದ ಮಾಡಲಿ. ಆದರೆ ನಮ್ಮ ಗೆಳೆಯ ಹೇಳಿದ ಹಾಗೆ ‘ಎಕ್ಸಿಟ್ ಪೋಲ್ ಸತ್ಯ, ಎಣಿಕೆ ಸುಳ್ಳು’ ಅಂತ ಹೇಳಬೇಕಾದರೆ ಕೈಯಲ್ಲಿ ಪುರಾವೆ ಬೇಕು. ಯಂತ್ರದೊಳಗೆ ಕೈ ಹಾಕಿ 1,18,000 ಓಟು ಕದ್ದರು ಅನ್ನುವುದಕ್ಕೆ ಇಪ್ಪತ್ತು ವರ್ಷ ಕಳೆದರೂ ಪುರಾವೆ ಬಂದಿಲ್ಲ. ಪುರಾವೆ ಇಲ್ಲದ ಕೂಗನ್ನು ನಾವು ಕೂಗಬಾರದು. ನಾಳೆ ಸೋತ ಧಣಿಯೂ ಅದೇ ಕೂಗನ್ನು ನಮ್ಮ ಮೇಲೆ ಕೂಗುತ್ತಾನೆ. 2020ರಲ್ಲಿ ಸೋತ ಟ್ರಂಪ್ ಅದನ್ನೇ ಕೂಗಿದ್ದು. ಆ ಕೂಗು ಕೇಳಿದವರು 2021ರ ಜನವರಿ 6ರಂದು ತಮ್ಮ ದೇಶದ ಸಂಸತ್ತಿಗೇ ನುಗ್ಗಿದ್ದು.

ಹಾಗಾದರೆ 2004ರಲ್ಲಿ ಕಳ್ಳತನವೇ ಆಗಲಿಲ್ಲವೇ? ಆಯಿತು ಗೆಳೆಯರೇ. ಹಾಡಹಗಲಲ್ಲೇ ಆಯಿತು. ಎಲ್ಲರ ಕಣ್ಣ ಮುಂದೆ ಆಯಿತು. ಕದ್ದದ್ದು ಬಡವರ ಹೊತ್ತನ್ನು.

ಓಹಾಯೋದ ರಾಜಧಾನಿ ಕೊಲಂಬಸ್. ಅವತ್ತು ಅಲ್ಲಿ ಮಳೆ. ಊರ ನಡುವಿನ ಕಪ್ಪು ಜನರ ಬೀದಿಗಳಲ್ಲಿ ಓಟಿನ ಯಂತ್ರ ಸಾಲದೆ ಜನ ಕೊಡೆ ಹಿಡಿದು ಎರಡು ಮೂರು ಗಂಟೆ, ಕೆಲವು ಕಡೆ ಇನ್ನೂ ಹೆಚ್ಚು ಹೊತ್ತು ನಿಂತರು. ಗ್ಯಾಂಬಿಯರ್ ಎಂಬ ಸಣ್ಣ ಊರಿನ ಕೆನ್ಯನ್ ಕಾಲೇಜಿನ ವಿದ್ಯಾರ್ಥಿಗಳಿಗೆ ಎರಡೇ ಯಂತ್ರ. ಕೊನೆಯವರು ಓಟು ಹಾಕುವಾಗ ಮಾರನೇ ದಿನದ ಬೆಳಗಿನ ಜಾವ. ವಿದ್ಯಾರ್ಥಿಗಳು ಕಾದರು, ಓದುವ ಮಕ್ಕಳು, ನಾಳೆ ಎದ್ದು ಕೆಲಸಕ್ಕೆ ಓಡಬೇಕಿಲ್ಲ. ಗಂಟೆ ಲೆಕ್ಕದ ಕೂಲಿಗೆ ಹೋಗುವ ತಾಯಿ ಎಷ್ಟು ಹೊತ್ತು ಕಾಯಬಲ್ಲಳು? 2005ರಲ್ಲಿ ಡೆಮಾಕ್ರಟಿಕ್ ಪಕ್ಷ ತಾನೇ ಮಾಡಿಸಿದ ತನಿಖೆಯಲ್ಲಿ ಒಂದು ಲೆಕ್ಕ ಸಿಕ್ಕಿತು. ಓಹಾಯೋದಲ್ಲಿ ಬಿಳಿಯ ಮತದಾರ ಸರಾಸರಿ 18 ನಿಮಿಷ ಕಾದ. ಕಪ್ಪು ಮತದಾರ 52 ನಿಮಿಷ ಕಾದ. ಈ 18 ಮತ್ತು 52ರ ನಡುವಿನ 34 ನಿಮಿಷದಲ್ಲಿ ಒಂದು ದೇಶದ ಜಾತಿ ಪದ್ಧತಿ ಇದೆ.

ಅಲ್ಲಿ ಓಟಿನ ದಿನ ದೇಶಕ್ಕೆಲ್ಲ ರಜೆ ಇಲ್ಲ. ನವೆಂಬರಿನ ಮೊದಲ ಸೋಮವಾರ ಕಳೆದ ಮಂಗಳವಾರ ಅಂತ 1845ರಲ್ಲಿ ಕಾಯಿದೆ ಮಾಡಿದರು. ಆಗ ರೈತರು ಭಾನುವಾರ ಇಗರ್ಜಿಗೆ ಹೋಗಿ, ಸೋಮವಾರ ಕುದುರೆಗಾಡಿ ಹೂಡಿ ಪಟ್ಟಣಕ್ಕೆ ಬರಲಿ ಅಂತ ಲೆಕ್ಕ. ಆ ಕಾಯಿದೆ ಬರೆದಾಗ ಕಪ್ಪು ಮನುಷ್ಯ ಅವರ ಹೊಲಗಳಲ್ಲಿ ಜೀತದಲ್ಲಿದ್ದ. ಅವನ ಹೊತ್ತು ಯಾರ ಲೆಕ್ಕದಲ್ಲೂ ಇರಲಿಲ್ಲ. ಇವತ್ತಿಗೂ ಅದೇ ಮಂಗಳವಾರ.

ಸಾಲಿಗೇ ಬರದ ಹಾಗೆ ತಡೆದವರ ಕಥೆ ಇನ್ನೊಂದು. 2004ರಲ್ಲಿ ಅಪರಾಧದ ಹೆಸರಿನಲ್ಲಿ ಓಟಿನ ಹಕ್ಕು ಕಳೆದುಕೊಂಡವರು ಆ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಅಂತ ಸಂಶೋಧಕರ ಅಂದಾಜು. ಜನಸಂಖ್ಯೆಯ ಲೆಕ್ಕಕ್ಕೆ ಹೋಲಿಸಿದರೆ ಅದರಲ್ಲಿ ಕಪ್ಪು ಜನರ ಪಾಲು ತೀರಾ ಹೆಚ್ಚು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಓಹಾಯೋದ ಚುನಾವಣೆ ನಡೆಸುವ ಅಧಿಕಾರಿ ಕೆನ್ನೆತ್ ಬ್ಲಾಕ್‌ವೆಲ್ ಒಂದು ಸುತ್ತೋಲೆ ಹೊರಡಿಸಿದರು. ಮತದಾರರ ಪಟ್ಟಿಗೆ ಸೇರಲು ಕೊಡುವ ಅರ್ಜಿಯ ಕಾಗದ ಇಷ್ಟು ದಪ್ಪ ಇರಬೇಕು, ತೆಳು ಕಾಗದವಾದರೆ ಸಲ್ಲದು! ಗಲಾಟೆಯಾದ ಮೇಲೆ ಹಿಂದೆ ಪಡೆದರು. ತಾಲ್ಲೂಕು ಕಚೇರಿಯಲ್ಲಿ ಜಾತಿ ಸರ್ಟಿಫಿಕೇಟಿಗೆ ಅಲೆದ ನಮ್ಮ ಹುಡುಗರಿಗೆ ಈ ಕಾಗದದ ದಪ್ಪ ಹೊಸದೇನಲ್ಲ. ‘ಸೀಲು ಸರಿಗಿಲ್ಲ, ನಾಳೆ ಬಾ.’ ಅದೇ ಭಾಷೆ. ಚುನಾವಣೆ ನಡೆಸುವ ಆ ಮನುಷ್ಯನೇ ಓಹಾಯೋದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ ಅಧ್ಯಕ್ಷ. ಇನ್ನೂ ಒಂದು ಮಾತು ಹೇಳಿಬಿಡುತ್ತೇನೆ, ನೋವಾದರೂ ಕೇಳಿ. ಬ್ಲಾಕ್‌ವೆಲ್ ಕಪ್ಪು ಮನುಷ್ಯ. ನಮ್ಮವನೊಬ್ಬ ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ಸಾಲು ಚಿಕ್ಕದಾಗುವುದಿಲ್ಲ. ಮೀಸಲು ಕ್ಷೇತ್ರದಿಂದ ಗೆದ್ದು ಹೋಗಿ ಕೇರಿಯ ದಾರಿ ಮರೆತವರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಎರಡು ಚಿತ್ರ ಪಕ್ಕಪಕ್ಕ ಇಡಿ. ಅದೇ ಮಂಗಳವಾರ, ಅದೇ ಮಧ್ಯಾಹ್ನ. ಒಂದು ಕಡೆ ಬೆಚ್ಚಗಿನ ಕೋಣೆಗಳಲ್ಲಿ ಕೂತ ಒಳ್ಳೆಯ ಮನಸ್ಸಿನ, ಯುದ್ಧ ವಿರೋಧಿ, ಓದಿದ ಜನ ಅಂಕಿ ನೋಡಿ ತಬ್ಬಿಕೊಳ್ಳುತ್ತಿದ್ದಾರೆ. ಇನ್ನೊಂದು ಕಡೆ ಕೊಲಂಬಸ್‌ನ ಮಳೆಯಲ್ಲಿ ಒಬ್ಬಳು ಗಡಿಯಾರ ನೋಡಿ, ಕೆಲಸಕ್ಕೆ ತಡವಾಯಿತೆಂದು ಸಾಲು ಬಿಟ್ಟು ಹೊರಟಿದ್ದಾಳೆ. ಅವಳನ್ನು ಎಕ್ಸಿಟ್ ಪೋಲ್ ಕಾಣುವುದಿಲ್ಲ. ಅದು ನಿಂತಿರುವುದೇ ಹೊರಗೆ ಬರುವ ಬಾಗಿಲಲ್ಲಿ. ಒಳಗೇ ಹೋಗಲಾರದವಳಿಗೆ ಅದರಲ್ಲಿ ಮನೆಯಿಲ್ಲ. ಅಂಕಿ ಸರಿಯಿತ್ತೋ ತಪ್ಪಿತ್ತೋ ಎಂದು ಇಪ್ಪತ್ತು ವರ್ಷದಿಂದ ಜಗಳ ಆಡಿದವರು, ಆ ಹೆಂಗಸು ಯಾಕೆ ಹೊರಟು ಹೋದಳು ಅಂತ ಎಷ್ಟು ಸಲ ಕೇಳಿದರು?

ಮುಂಚೆಯೇ ಬಂದ ಅಂಕಿ ಸಾಲನ್ನು ಕೊಲ್ಲುತ್ತದೆ ಅನ್ನುವುದಕ್ಕೂ ಆ ದೇಶದಲ್ಲೇ ಸಾಕ್ಷಿ ಇದೆ. 1980ರಲ್ಲಿ ಪೂರ್ವ ತೀರದಲ್ಲಿ ರಾತ್ರಿ 8:15 ಆಗಿದ್ದಾಗಲೇ ಎನ್‌ಬಿಸಿ ರೀಗನ್ ಗೆದ್ದರು ಅಂತ ಸಾರಿತು. ಕ್ಯಾಲಿಫೋರ್ನಿಯಾದಲ್ಲಿ ಆಗ ಸಂಜೆ 5:15. ಕೂಲಿ ಮುಗಿಸಿ ಜನ ಆಗ ತಾನೇ ಮತಗಟ್ಟೆಗೆ ಹೊರಡುವ ಹೊತ್ತು. ಪಶ್ಚಿಮದಲ್ಲಿ ಓಟು ಮುಗಿಯುವ ಮೊದಲೇ ಕಾರ್ಟರ್ ಸೋಲೊಪ್ಪಿಕೊಂಡರು. ಮೇಲಿನವನು ಸೋತೆ ಅಂದುಬಿಟ್ಟ. ಅದೇ ಓಟಿನ ಚೀಟಿಯಲ್ಲಿ ಕೆಳಗಿದ್ದ ಊರಿನ, ಜಿಲ್ಲೆಯ ಅಭ್ಯರ್ಥಿಗಳ ಗತಿ ಏನು? ಅದರ ಮೇಲೆ ಬಹಳ ಜಗಳವಾಗಿ, ಒಂದು ರಾಜ್ಯದಲ್ಲಿ ಓಟು ಮುಗಿಯುವವರೆಗೆ ಆ ರಾಜ್ಯದ ಗೆಲುವು ಹೇಳುವುದಿಲ್ಲ ಅಂತ ಟಿವಿಯವರು ಮಾತು ಕೊಡಬೇಕಾಯಿತು.

ಇನ್ನು ‘ಜನಕ್ಕೆ ಬುದ್ಧಿ ಇಲ್ಲ’ ಅಂದ ಗೆಳೆಯನಿಗೆ. 2004ರಲ್ಲಿ ಗೆದ್ದವನಾರು ಅಂತ ತಪ್ಪಾಗಿ ಸೂಚಿಸಿದ ಅದೇ ಸಮೀಕ್ಷೆ, ಮಾರನೇ ದಿನ ಜನ ಯಾಕೆ ಹಾಗೆ ಓಟು ಹಾಕಿದರು ಅನ್ನುವುದಕ್ಕೆ ವೇದವಾಗಿ ಹೋಯಿತು! 100ಕ್ಕೆ 22 ಜನ ‘ನೈತಿಕ ಮೌಲ್ಯ’ ಅನ್ನುವ ಉತ್ತರಕ್ಕೆ ಗುರುತು ಹಾಕಿದ್ದರು. ಅಷ್ಟೇ ಸಾಕಾಯಿತು. ಹಳ್ಳಿಗಾಡಿನ ಜನ ಮತಾಂಧರು, ಮೂಢರು ಅಂತ ಪಟ್ಟಣದ ಬುದ್ಧಿಜೀವಿಗಳು ಕಾಲಂ ತುಂಬಿದರು. ಉತ್ತರಗಳ ಪಟ್ಟಿ ಮಾಡಿದವರು ಸಮೀಕ್ಷೆಯವರು. ಅದರಲ್ಲೊಂದನ್ನು ಆರಿಸು ಅಂದವರೂ ಅವರೇ. 2024ರಲ್ಲಿ ನಮ್ಮನ್ನು ಕುಣಿಸಿದ ‘ಪ್ರಜಾಪ್ರಭುತ್ವ’ವೂ ಅಂಥದೇ ಪಟ್ಟಿಯ ಒಂದು ಸಾಲು. ಬೆಲೆ ಏರಿಕೆ ಅಂತ ಗುರುತು ಹಾಕಿದವರಲ್ಲಿ ಹೆಚ್ಚಿನವರು ಟ್ರಂಪ್ ಕಡೆಗಿದ್ದರು. ಅವರ ಒಲೆಯ ಕಷ್ಟ ನಮ್ಮ ಕಣ್ಣಿಗೆ ಬೀಳಲಿಲ್ಲ. ಬಡವನ ಅಡಿಗೆ ಮನೆಯ ಲೆಕ್ಕ ಓದಲು ಬಾರದವನು ಬಡವನನ್ನೇ ದಡ್ಡ ಅನ್ನುತ್ತಾನೆ.

ನಮ್ಮ ನೆಲದ ಮಾತಿಗೆ ಬರುತ್ತೇನೆ. 2024ರ ಏಪ್ರಿಲ್ 26. ನಮ್ಮ ಕಡೆ ಲೋಕಸಭೆಗೆ ಓಟು. ಅವ್ವ ಬೆಳಗ್ಗೆ 7ಕ್ಕೆ ಶಾಲೆಯ ಮುಂದೆ ನಿಂತವಳು 10 ದಾಟಿದ ಮೇಲೆ ಹೊರಗೆ ಬಂದಳು. ಓಟಿನ ದಿನ ದಿನಗೂಲಿಯವರಿಗೂ ಸಂಬಳ ಸಹಿತ ರಜೆ ಅಂತ ಜನಪ್ರತಿನಿಧಿ ಕಾಯಿದೆಯಲ್ಲಿ ಬರೆದಿದೆ. ಅವ್ವನಿಗೆ ಆ ದಿನದ ಕೂಲಿ ಬರಲಿಲ್ಲ. ಕೇಳಿದರೆ ನಾಳೆಯ ಕೂಲಿಯೂ ಇಲ್ಲ. ಗೇಟಿನಿಂದಾಚೆ ಶರಟು ಪ್ಯಾಂಟಿನ ಹುಡುಗನೊಬ್ಬ ತಡೆದು ಕೇಳಿದನಂತೆ: ‘ಅಮ್ಮಾ, ಯಾರಿಗೆ ಹಾಕಿದ್ರಿ?’ ಪಕ್ಕದಲ್ಲೇ ಜಮೀನಿನ ಒಡೆಯರ ಮಗ ಬೈಕಿಗೆ ಒರಗಿ ನಿಂತಿದ್ದ. ಅವ್ವ ಒಡೆಯರ ಪಕ್ಷದ ಹೆಸರು ಹೇಳಿ ಬಂದಳು.

ರಾತ್ರಿ ನಾನು ಕೇಳಿದೆ: ‘ನಿಜವಾಗ್ಲೂ ಅವರಿಗೇ ಹಾಕ್ದಾ ಅವ್ವ?’

‘ಅಷ್ಟು ಓದಿದೀಯ, ಇಷ್ಟು ಗೊತ್ತಾಗಲ್ವೇನ್ಲಾ ಮಗಾ? ಒಳ್ಗೆ ಗುಂಡಿ ಒತ್ತಿದ್ದು ನಾನು. ಹೊರ್ಗೆ ಮಾತಾಡಿದ್ದು ಅವರ ಹೊಲದ ಕೂಲಿಯಾಳು.’

ಗೆಳೆಯರೇ, ಎಡಿಸನ್, ಮಿಟೋಫ್ಸ್ಕಿಯ ವರದಿ ಪುಟಗಟ್ಟಲೆ ಹೇಳಿದ್ದನ್ನು ಅವ್ವ ಎರಡು ಮಾತಲ್ಲಿ ಹೇಳಿದಳು. ಆ ವರ್ಷ ಜೂನ್ 1ರ ಸಂಜೆ ನಮ್ಮ ಟಿವಿಗಳು ಆಳುವ ಕೂಟಕ್ಕೆ 350 ದಾಟುತ್ತದೆ ಅಂತ ಅರಚಿದವು. ನಮ್ಮ ಹಾಸ್ಟೆಲ್ ಹುಡುಗರು ಊಟ ಬಿಟ್ಟು ಮಲಗಿದರು. ಜೂನ್ 4ಕ್ಕೆ ಎಣಿಸಿದರೆ ಕೂಟಕ್ಕೆ 293, ಬಿಜೆಪಿಗೆ 240. ಬಹುಮತಕ್ಕೆ ಬೇಕಾದ್ದು 272. ಮೂರೇ ದಿನದಲ್ಲಿ ಷೇರುಪೇಟೆ ಮೇಲೇರಿ ಕೆಳಗೆ ಬಿತ್ತು. ಊಟ ಬಿಟ್ಟ ಹುಡುಗರು ಆಗ ಪಟಾಕಿ ಹಚ್ಚಿದರು. ಅವ್ವ ಮೂರೂ ದಿನ ಕಳೆ ಕೀಳುತ್ತಿದ್ದಳು. ಅಂಕಿ ನಮ್ಮ ಕಡೆ ಬಂದಾಗ ಕುಣಿಯುವುದು, ಎದುರಾದಾಗ ಸಾಯುವುದು, ಎರಡೂ ಒಂದೇ ಗುಲಾಮಗಿರಿ. ಓಟು ಮುಗಿಯುವವರೆಗೆ ಎಕ್ಸಿಟ್ ಪೋಲ್ ಪ್ರಕಟಿಸಬಾರದು ಅಂತ ನಮ್ಮಲ್ಲಿ 2010ರಿಂದ ಕಾಯಿದೆ ಇದೆ. ಒಳ್ಳೆಯದೇ. ಆದರೆ ಸಾಲನ್ನು ಉದ್ದ ಮಾಡುವವರಿಗೆ, ಪಟ್ಟಿಯಿಂದ ಹೆಸರು ಕೀಳುವವರಿಗೆ, ಬೈಕಿಗೆ ಒರಗಿ ನಿಲ್ಲುವವರಿಗೆ ಆ ಕಾಯಿದೆ ಏನೂ ಮಾಡದು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಎಚ್ಚರಿಸಿದ್ದರು: ರಾಜಕೀಯದಲ್ಲಿ ಒಬ್ಬ ಮನುಷ್ಯನಿಗೆ ಒಂದು ಓಟು, ಓಟಿಗೆ ಒಂದೇ ಬೆಲೆ ಬರುತ್ತದೆ, ಸಮಾಜದಲ್ಲಿ, ಸಂಪತ್ತಿನಲ್ಲಿ ಮನುಷ್ಯನಿಗೆ ಒಂದೇ ಬೆಲೆ ಸಿಗುವುದಿಲ್ಲ ಎಂದು. 18 ನಿಮಿಷದ ಓಟಿಗೂ 52 ನಿಮಿಷದ ಓಟಿಗೂ ಬೆಲೆ ಒಂದೇ ಅಂತ ಯಾರು ಹೇಳಬಲ್ಲರು? ಒಂದು ಓಟಿಗೆ ಒಂದು ದಿನದ ಕೂಲಿ ತೆತ್ತ ಅವ್ವನ ಓಟಿಗೂ ಕಾರಿನಲ್ಲಿ ಬಂದಿಳಿದವನ ಓಟಿಗೂ?

2005ರ ಜನವರಿ 6ರಂದು ಓಹಾಯೋದ ಕಪ್ಪು ಸಂಸದೆ ಸ್ಟೆಫನಿ ಟಬ್ಸ್ ಜೋನ್ಸ್ ತಮ್ಮ ರಾಜ್ಯದ ಲೆಕ್ಕಕ್ಕೆ ತಕರಾರು ಎತ್ತಿದರು. ಫಲಿತಾಂಶ ತಿರುಗಿಸಬೇಕೆಂದಲ್ಲ, ಆ ಸಾಲುಗಳ ಮಾತು ಸಂಸತ್ತಿನ ಕಿವಿಗೆ ಬೀಳಲಿ ಅಂತ. ಸೆನೆಟಿನಲ್ಲಿ ಅವರ ಜೊತೆ ನಿಂತವರು ಬಾರ್ಬರಾ ಬಾಕ್ಸರ್ ಒಬ್ಬರೇ. 74ಕ್ಕೆ 1. ಮಧ್ಯಾಹ್ನದ ಅಂಕಿ ನೋಡಿ ತಬ್ಬಿಕೊಂಡ ಕೆರಿ ಪಕ್ಷದ ದೊಡ್ಡವರೆಲ್ಲ ಆಗ ಎಲ್ಲಿದ್ದರು?

ಆ ಪ್ರಶ್ನೆ ನಮಗೂ ಇದೆ. ಹಳ್ಳಿಯ ಮೇಷ್ಟ್ರೇ, ಮತದಾರರ ಪಟ್ಟಿಯ ಕೆಲಸ ನಿಮ್ಮಲ್ಲಿ ಎಷ್ಟೋ ಜನರ ಹೆಗಲ ಮೇಲಿದೆ. ಕೇರಿಯ ಯಾವ ಹೆಸರು ಬಿಟ್ಟುಹೋಗಿದೆ, ಗುಳೆ ಹೋದ ಯಾವ ಮನೆಯವರನ್ನು ಸದ್ದಿಲ್ಲದೆ ತೆಗೆದಿದ್ದಾರೆ, ನಿಮಗೆ ಗೊತ್ತಾಗುವಷ್ಟು ಇನ್ಯಾರಿಗೂ ಗೊತ್ತಾಗದು. ಸೇರಿಸಲು ನಮೂನೆ 6, ತೆಗೆಯಲು ನಮೂನೆ 7. ವಿದ್ಯಾರ್ಥಿಗಳೇ, ರಜೆಗೆ ಊರಿಗೆ ಹೋದಾಗ ಪಟ್ಟಿ ತೆಗೆದು ಹಟ್ಟಿಯ ನಡುವೆ ನಿಂತು ಜೋರಾಗಿ ಓದಿ. ಸಂಜೆ ಓಟಿನ ಹೊತ್ತು ಮುಗಿದರೂ ಸಾಲಲ್ಲಿ ನಿಂತವರಿಗೆ ಚೀಟಿ ಕೊಟ್ಟು ಓಟು ಹಾಕಿಸಲೇಬೇಕು. ‘ಟೈಮ್ ಆಯ್ತು, ನಡೀರಿ’ ಅಂತ ಗದರಿದರೆ ಹೆದರಿ ವಾಪಸಾಗದ ಹಾಗೆ ಅವರ ಪಕ್ಕ ಒಬ್ಬರು ನಿಂತಿರಬೇಕು.

ಮುಂದಿನ ಓಟಿನ ದಿನ ನಾನು ಮೊಬೈಲಿನ ಮುಂದೆ ಕೂರುವುದಿಲ್ಲ. ಅವ್ವನ ಹಿಂದೆ ಸಾಲಲ್ಲಿ ನಿಂತಿರುತ್ತೇನೆ, ಕೊನೆಯ ಮನುಷ್ಯ ಒಳಗೆ ಹೋಗುವವರೆಗೆ. ಯಾರು ಮುಂದು ಅಂತ ಆಗ ನನ್ನನ್ನು ಕೇಳಬೇಡಿ. ಇನ್ನೂ ಎಷ್ಟು ಜನ ಹೊರಗೆ ನಿಂತಿದ್ದಾರೆ ಅಂತ ಕೇಳಿ, ಹೇಳುತ್ತೇನೆ.